ದರಕು ತರುವುದನ್ನು ನಿಲ್ಲಿಸಲೇಬೇಕಾ? ಮಂಗನ ಕಾಯಿಲೆ ಬಗ್ಗೆ ತಿಳಿದವರು ಹೇಳಿ

ಹೊಳೆಯಾಚೆ

ನಮ್ಮೂರು ಸಿದ್ದಾಪುರ ತಾಲ್ಲೂಕು, ನಾನಿರುವುದು ಬೆಂಗಳೂರಿನಲ್ಲಿ. ಊರಲ್ಲಿ ಅಪ್ಪ (66), ಅಮ್ಮ (61), ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಹೋದ ವಾರ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಒಂದು ಮಂಗ ಸತ್ತು ಬಿದ್ದಿತ್ತು. ಅಮ್ಮ ವಾಸನೆ ಬರ್ತಿದೆ ಅಂತ ಹುಡುಕಿಕೊಂಡು ಹೋಗಿ ನೋಡಿದ್ದು. ಆಶಾ ಕಾರ್ಯಕರ್ತೆ ಬಂದು, ಬೆಟ್ಟಕ್ಕೆ ಹೋಗಬೇಡಿ, ಹೋಗಲೇಬೇಕಾದರೆ ಇದನ್ನು ಹಚ್ಚಿಕೊಳ್ಳಿ ಎಂದು ಒಂದು ಎಣ್ಣೆ ಬಾಟಲಿ ಕೊಟ್ಟು ಹೋದರು. ಅಪ್ಪ ಆ ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟು, ಮರುದಿನ ಬೆಳಿಗ್ಗೆ ಎಂದಿನಂತೆ ದರಕು ಗುಡಿಸಲು ಹೋಗಿದ್ದಾರೆ!

ಬಯಲುಸೀಮೆಯವರಿಗೆ ಹೇಳುವುದಾದರೆ, ದರಕು ಅಂದರೆ ಒಣಗಿ ಉದುರಿದ ಎಲೆ. ಅದನ್ನು ಗುಡಿಸಿ ಹೆಡಿಗೆಯಲ್ಲಿ ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಸಗಣಿ, ಗಂಜಲ ಸೇರಿ ಅದೇ ತೋಟಕ್ಕೆ ಗೊಬ್ಬರ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಇದೇ ಕೆಲಸ. ಅಪ್ಪನನ್ನು ಕೇಳಿದರೆ, "ನಲವತ್ತು ವರ್ಷದಿಂದ ತರ್ತಾ ಇದ್ದೀನಿ, ಇನ್ನು ಈ ವರ್ಷ ಏನಾಗ್ತದೆ? ನಾನು ಸೂಜಿ ಹಾಕಿಸ್ಕೊಂಡಿದ್ದೀನಿ" ಅನ್ನುತ್ತಾರೆ. ಸೂಜಿ ಹಾಕಿಸಿಕೊಂಡಿದ್ದು ನಿಜ. ಆದರೆ ಏಳೆಂಟು ವರ್ಷದ ಹಿಂದೆ, ಎರಡೋ ಮೂರೋ ಸಲ. ಕೈ ಉರಿ ತಡೆಯಲಾಗದೆ ಆಮೇಲೆ ಬಿಟ್ಟರು.

ನನಗೆ ಗೊತ್ತಾಗಬೇಕಿರುವುದು ಇಷ್ಟು. ಆ ಹಳೇ ಲಸಿಕೆ ಈಗಲೂ ಕಾಯುತ್ತಾ? ಹೊಸದು ಬರುತ್ತಿದೆ ಅಂತ ಪೇಪರಿನಲ್ಲಿ ಓದಿದೆ, ಅದು ಎಲ್ಲಿಗೆ ಬಂತು? ದರಕಿನಿಂದ ಕಾಯಿಲೆ ಬರುತ್ತದೆ ಎಂಬುದಕ್ಕೆ ಯಾರಾದರೂ ಸರಿಯಾಗಿ ಅಧ್ಯಯನ ಮಾಡಿದ್ದಾರಾ, ಅಥವಾ ಎಲ್ಲರೂ ಸುಮ್ನೆ ಹೇಳುವ ಮಾತಾ? ಅಪ್ಪನ ಹತ್ತಿರ "ಡಾಕ್ಟ್ರು ಹೇಳಿದ್ರು" ಎಂದರೆ ನಡೆಯುವುದಿಲ್ಲ, ಯಾಕೆ ಏನು ಅಂತ ಬಿಡಿಸಿ ಹೇಳಬೇಕು.

ಕಾನುತೋಟ

ನಮ್ಮದು ಸಾಗರ ತಾಲ್ಲೂಕು. 2019ರಲ್ಲಿ ಅರಳಗೋಡು ಕಡೆ ದೊಡ್ಡದಾಗಿ ಬಂತಲ್ಲ, ಆ ವರ್ಷ ನನಗೂ ಬಂದಿತ್ತು. ಅಧ್ಯಯನದ ವಿಷಯ ಬೇರೆಯವರು ಹೇಳಲಿ, ನಾನು ಅನುಭವಿಸಿದ್ದು ಹೇಳುತ್ತೇನೆ, ನಿಮ್ಮ ಅಪ್ಪನಿಗೆ ಓದಿ ಹೇಳಿ.

ಮಧ್ಯಾಹ್ನ ಊಟ ಮಾಡಿ ಅಡಿಕೆ ಹರಡಲು ಅಂಗಳಕ್ಕೆ ಹೋದವನು ಸಂಜೆ ಹೊತ್ತಿಗೆ ಮಂಚ ಹಿಡಿದೆ. ನಿಧಾನಕ್ಕೆ ಏರುವ ಜ್ವರ ಅಲ್ಲ ಇದು, ಒಂದೇ ಸಲಕ್ಕೆ ಬಡಿದು ಕೆಡವುತ್ತದೆ. ಹಣೆಯಿಂದ ಹಿಂದಲೆವರೆಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ನೋವು. ಕಣ್ಣು ಕೆಂಡದ ಹಾಗೆ ಕೆಂಪು. ಸೊಂಟ, ಮೀನಖಂಡ ಯಾರೋ ಒನಕೆಯಲ್ಲಿ ಕುಟ್ಟಿದಂತೆ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಅಂತ ಮೂರು ದಿನದ ಮಾತ್ರೆ ಕೊಟ್ಟರು. ಬೆಟ್ಟಕ್ಕೆ ಹೋಗಿದ್ರಾ ಅಂತ ಅವರೂ ಕೇಳಲಿಲ್ಲ, ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ನಾಲ್ಕನೇ ದಿನ ಒಸಡಿನಲ್ಲಿ ರಕ್ತ. ಆಗ ದೊಡ್ಡ ಆಸ್ಪತ್ರೆಗೆ ಹಾಕಿದ್ದು. ಹತ್ತು ದಿನಕ್ಕೆ ಇಳಿಯಿತು, ಮನೆಗೆ ಬಂದೆ, ಗಂಜಿ ಬಿಟ್ಟು ಅನ್ನ ಶುರು ಮಾಡಿದೆ. ಮತ್ತೆ ಒಂದು ವಾರ ಆಗಿರಬೇಕು, ಎರಡನೇ ಸಲ ಜ್ವರ ಬಂತು. ಈ ಸಲ ಕೈ ನಡುಕ, ಕಣ್ಣು ಮಂಜು, ಚಹಾ ಲೋಟ ಬಾಯಿಗೆ ತರಲಾಗುತ್ತಿರಲಿಲ್ಲ. ಪೂರ್ತಿ ಸರಿಯಾಗಲು ಮಳೆಗಾಲ ಬಂತು. ಆ ವರ್ಷದ ಅಡಿಕೆ ಯಾರು ಸುಲಿದರು, ಎಷ್ಟಕ್ಕೆ ಹೋಯಿತು, ನನಗೆ ನೆನಪೇ ಇಲ್ಲ.

ಅಂದಿನಿಂದ ನಾನು ಡಿಸೆಂಬರಿನಿಂದ ಮೇವರೆಗೆ ಬೆಟ್ಟದ ದರಕು ಮುಟ್ಟುವುದಿಲ್ಲ. ಕೊಟ್ಟಿಗೆಗೆ ಭತ್ತದ ಹುಲ್ಲು, ಅದರ ಮೇಲೆ ಒಣಗಿದ ಅಡಿಕೆ ಸಿಪ್ಪೆ. ಸಿಪ್ಪೆ ಬೇಗ ಕೊಳೆಯುವುದಿಲ್ಲ, ಗೊಬ್ಬರ ಸ್ವಲ್ಪ ತಡ. ಅಷ್ಟೇ ನಷ್ಟ. ಮಳೆಗಾಲದಲ್ಲಿ ಹಸಿ ಸೊಪ್ಪು ತರುತ್ತೇನೆ.

ಗುಡ್ಡದಮನೆ

ಎಲ್ಲ ಹೆದರಿಸುವ ಮಾತು ಮಾರಾಯ್ರೇ. ನಮ್ಮ ಅಜ್ಜ, ಮುತ್ತಜ್ಜ ಎಲ್ಲ ದರಕು ತಂದವರೇ. ಅವರಿಗೆ ಏನೂ ಆಗಿಲ್ಲ. ಈ ಮಂಗಗಳು ಜಾಸ್ತಿ ಆಗಿದ್ದೇ ಎಲ್ಲದಕ್ಕೂ ಕಾರಣ. ಹಿಡಿದು ದೂರದ ಕಾಡಿಗೆ ಬಿಟ್ಟರೆ ಕಾಯಿಲೆಯೂ ಹೋಗುತ್ತದೆ, ಏಲಕ್ಕಿ, ಬಾಳೆಯೂ ಉಳಿಯುತ್ತದೆ. ಅದನ್ನು ಬಿಟ್ಟು ರೈತನಿಗೆ ದರಕು ತರಬೇಡ ಎನ್ನುವುದು ಸುಲಭ.

ಬಿಳಿಬಟ್ಟೆ

ನಾನು ಕೆಲವು ವರ್ಷ ಈ ಕಾಯಿಲೆಯ ಫೀಲ್ಡ್ ಕೆಲಸದಲ್ಲಿದ್ದೆ. ಈ ಹೆಸರು ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರಾಗಬೇಡಿ.

ಮೊದಲು @ಗುಡ್ಡದಮನೆ ಅವರಿಗೆ. ಬಾಳೆ ಹೋಗುವ ಸಂಕಟ ನನಗೂ ಅರ್ಥವಾಗುತ್ತದೆ, ಆದರೆ ಮಂಗ ಇಲ್ಲಿ ಅಪರಾಧಿ ಅಲ್ಲ, ನಮ್ಮ ಹಾಗೇ ಪೆಟ್ಟು ತಿನ್ನುವ ಪ್ರಾಣಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಆಫ್ರಿಕಾದ ಹಳದಿ ಜ್ವರ ಬಂದಿತೇನೋ ಎಂದು ಮೊದಲು ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಸಿಕ್ಕಿದ್ದು ಹೊಸ ವೈರಸ್, ರಷ್ಯಾ ಕಡೆ ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳ) ಬರುವ ಮಿದುಳು ಜ್ವರದ ವೈರಸ್ಸಿನ ದಾಯಾದಿ. ಹರಡುವುದು ಉಣುಗು. ಕಾಯಿಲೆ ಬಿದ್ದ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ಉದುರುತ್ತವೆ, ಆ ಜಾಗ ಬೆಂಕಿಯ ಹೊಂಡ ಇದ್ದ ಹಾಗೆ. ಅದಕ್ಕೇ ಸತ್ತ ಮಂಗದ ಸುತ್ತ ಐವತ್ತು ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹೊಡೆಯುವುದು. ಈಗ ಯೋಚಿಸಿ, ಮಂಗಗಳನ್ನು ಹಿಡಿದು ಲಾರಿಯಲ್ಲಿ ಬೇರೆ ಕಾಡಿಗೆ ಸಾಗಿಸಿದರೆ ಉಣುಗಿಗೂ ಟಿಕೆಟ್ ಕೊಟ್ಟ ಹಾಗಾಗುವುದಿಲ್ಲವಾ? ಮಂಗ ಸತ್ತಿದ್ದು ಗೊತ್ತಾದರೆ ನಮಗೆ ಎಚ್ಚರಿಕೆ ಗಂಟೆ ಬಾರಿಸಿದಂತೆ. ಮಂಗಗಳೇ ಇಲ್ಲದ ಊರಿನಲ್ಲಿ ಮೊದಲು ಗೊತ್ತಾಗುವುದು ಮನುಷ್ಯ ಮಲಗಿದಾಗಲೇ.

ಅಜ್ಜಂದಿರಿಗೆ ಏನೂ ಆಗಿಲ್ಲ ಎನ್ನುವ ಮಾತಿಗೆ ಬರುತ್ತೇನೆ. 1957ಕ್ಕೆ ಮುಂಚೆ ಯಾರಿಗೂ ಈ ಜ್ವರಕ್ಕೆ ಹೆಸರೇ ಇರಲಿಲ್ಲ. ಆಮೇಲೆ ಬದಲಾಗಿದ್ದು ಕಾಡಿನ ಅಂಚು. ಸಾಗರದ ಫೀಲ್ಡ್ ಸ್ಟೇಷನ್ ಕೆಲಸದ ಆಧಾರದ ಮೇಲೆ ಬೋಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ 1969ರಲ್ಲೇ ಬರೆದಿದ್ದಾರೆ: ಕಾಡು ಕಡಿದು ಊರು, ಗದ್ದೆ ಬೆಳೆದ ಕಡೆ ದನಗಳ ಸಂಖ್ಯೆ ಏರಿತು, ದನ ಕಾಡಿಗೆ ಮೇಯಲು ಹೋಯಿತು, ಬೆಳೆದ ಉಣುಗಿಗೆ ಬೇಕಾದಷ್ಟು ರಕ್ತ ಸಿಕ್ಕಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕೆಂದು ಕಾಡು ಕಡಿದಾಗ ಸಾವಿರಕ್ಕೂ ಹೆಚ್ಚು ಜನ ಮಲಗಿದ್ದು ಇದೇ ಕಾಯಿಲೆಯಲ್ಲಿ. ಆಮೇಲೆ ಅದು ಬಂಡೀಪುರ, ವಯನಾಡು, ಗೋವಾದ ಸತ್ತರಿ, ಸಿಂಧುದುರ್ಗದವರೆಗೂ ಹೋಯಿತು. ಪಶ್ಚಿಮ ಘಟ್ಟದ ಉದ್ದಕ್ಕೂ ಅನ್ನಿ.

2020ರಲ್ಲಿ ಬ್ರಿಟನ್ ಮತ್ತು ಭಾರತದ ಸಂಶೋಧಕರು ಸೇರಿ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ನಕ್ಷೆಯ ಮೇಲಿಟ್ಟು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಇದು: ಅಪಾಯ ಜಾಸ್ತಿ ಇರುವುದು ನಡುಗಾಡಿನಲ್ಲಿ ಅಲ್ಲ. ನಿತ್ಯಹಸಿರು ಕಾಡು, ಅದಕ್ಕೆ ಅಂಟಿಕೊಂಡೇ ತೋಟ, ಜೊತೆಗೆ ನಾಟಿ ದನ ಜಾಸ್ತಿ ಇರುವ ಜಾಗದಲ್ಲಿ. ನಿಮ್ಮ ಮನೆಯ ಚಿತ್ರ ಬರೆದ ಹಾಗಿದೆ ಅಲ್ವಾ? ಸೊಪ್ಪಿನ ಬೆಟ್ಟ, ಕೆಳಗೆ ತೋಟ, ಪಕ್ಕದಲ್ಲಿ ಕೊಟ್ಟಿಗೆ. ದರಕು ಒಂದನ್ನೇ ಬೇರೆ ತೆಗೆದು, ಅದನ್ನು ತಂದವರಿಗೆ ಇಷ್ಟು, ತರದವರಿಗೆ ಇಷ್ಟು ಅಂತ ಲೆಕ್ಕ ಮಾಡುವುದು ಕಷ್ಟ, ಯಾಕೆಂದರೆ ದರಕಿಗೆ ಹೋಗುವವರೇ ಸೌದೆಗೂ ಹೋಗುತ್ತಾರೆ, ದನ ಅಟ್ಟಲೂ ಹೋಗುತ್ತಾರೆ. ಆದರೆ ಉಣುಗು ಎಲ್ಲಿರುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ಅದಕ್ಕೆ ಒಣ ಬಿಸಿಲು ಆಗುವುದಿಲ್ಲ. ಎಲೆ ಹಾಸಿನ ಅಡಿಯ ತಂಪು ಬೇಕು. ಮರಿ ದಾಟಿ ಇನ್ನೂ ದೊಡ್ಡದಾಗದ ಹಂತದ ಉಣುಗೇ ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು, ಅದು ಓಡಾಡುವುದು ಡಿಸೆಂಬರಿನಿಂದ ಮೇವರೆಗೆ. ನಿಮ್ಮ ಅಪ್ಪ ದರಕು ಗುಡಿಸುವ ತಿಂಗಳುಗಳೇ.

ಲಸಿಕೆ ವಿಷಯ. ಬೆಂಗಳೂರಿನ ಹೆಬ್ಬಾಳದಲ್ಲಿ, ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆ ಅದು. ಫಾರ್ಮಲಿನ್ ಹಾಕಿ ಸಾಯಿಸಿದ ವೈರಸ್. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. 2005ರಿಂದ 2010ರವರೆಗಿನ ಮಾಹಿತಿ ಹಿಡಿದು ಕರ್ನಾಟಕದಲ್ಲೇ ಮಾಡಿದ ಅಧ್ಯಯನ 2013ರಲ್ಲಿ ಬಂತು. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62, ಬೂಸ್ಟರ್ ಸಹ ಪಡೆದವರಲ್ಲಿ ಶೇ. 83. ಒಂದೇ ಡೋಸ್ ಪಡೆದು ಬಿಟ್ಟವರಿಗೆ ಹೇಳಿಕೊಳ್ಳುವಂಥ ಲಾಭ ಇಲ್ಲ. ಆ ಉರಿಯಿಂದಾಗಿ ಬೂಸ್ಟರ್‌ಗೆ ಬರುವವರೇ ಕಡಿಮೆ, ನಿಮ್ಮ ತಂದೆಯ ಹಾಗೆ ತುಂಬ ಜನ. ಆಮೇಲೆ ಆ ಲಸಿಕೆಯ ಶಕ್ತಿಯೇ ಕುಂದಿದೆ ಎಂದಾಗಿ 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಆದ್ದರಿಂದ ಏಳೆಂಟು ವರ್ಷದ ಹಿಂದಿನ ಸೂಜಿಯನ್ನು ನಂಬಿ ಬೆಟ್ಟ ಹತ್ತುವುದು ಬೇಡ. ಅದು ಮುಗಿದ ಕಥೆ.

ಹೊಸದನ್ನು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಮಾಡುತ್ತಿವೆ. ಇದೂ ಸಾಯಿಸಿದ ವೈರಸ್ಸೇ, ಎರಡು ಡೋಸ್. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಬಂದಿದೆ. ಮೊದಲ ಹಂತ ಅಂದರೆ ಕೆಲವೇ ಆರೋಗ್ಯವಂತರಿಗೆ ಕೊಟ್ಟು ಸುರಕ್ಷಿತವೇ ಎಂದು ನೋಡುವುದು. ಅದಾದ ಮೇಲೂ ಹಂತಗಳಿವೆ. ಈ ಬೇಸಿಗೆಗೆ ನಿಮ್ಮ ಪಿಎಚ್‌ಸಿಯಲ್ಲಿ ಸಿಗುವುದಿಲ್ಲ.

ಬಿಳಿಬಟ್ಟೆ ಅಂದೆನಲ್ಲ. ಉಣುಗು ಎಷ್ಟಿದೆ ಎಂದು ನೋಡಲು ನಾವು ಒಂದು ಮೀಟರ್ ಉದ್ದದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಎಲೆ ಹಾಸಿನ ಮೇಲೆ ನಿಧಾನವಾಗಿ ಎಳೆಯುತ್ತಿದ್ದೆವು. ಕೆಲವು ಹೆಜ್ಜೆ ಹೋಗಿ ಬಟ್ಟೆ ಮಗುಚಿದರೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ಕಣ್ಣು ಹತ್ತಿರ ತಂದರೆ ಎಳ್ಳು ನಡೆಯುತ್ತಿರುತ್ತದೆ. ನಿಮ್ಮ ಅಪ್ಪನಿಗೆ ನಂಬಿಕೆ ಬಾರದಿದ್ದರೆ ಹಳೇ ಬಿಳಿ ಪಂಚೆ ಎಳೆದು ತೋರಿಸಬಹುದಿತ್ತು. ಆದರೆ ಈಗ ಮಂಗ ಸತ್ತ ಬೆಟ್ಟ ಅದು, ದಯವಿಟ್ಟು ಮಾಡಬೇಡಿ.

ಕೊಟ್ಟಿಗೆ ಡಾಕ್ಟ್ರು

ನಾನು ಪಶುವೈದ್ಯ, ಮಲೆನಾಡಿನಲ್ಲೇ ಕೆಲಸ. ದನದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಎರಡು ಮಾತು.

ಹಸುವಿನ ಕಿವಿ, ಕೆಚ್ಚಲಿನ ಸಂದಿಯಲ್ಲಿ ಹರಳು ಬೀಜದ ಹಾಗೆ ಊದಿಕೊಂಡು ಕೂತಿರುತ್ತದಲ್ಲ, ಜನ ಉಣುಗು ಅಂದ ತಕ್ಷಣ ನೆನೆಯುವುದು ಅದನ್ನು. ಅದು ಸಾಮಾನ್ಯವಾಗಿ ಬೇರೆ ಜಾತಿ, ಹುಟ್ಟಿದ ಮರಿ ಹಸುವಿನ ಮೈ ಹತ್ತಿತು ಅಂದರೆ ಬೆಳೆದು ದೊಡ್ಡದಾಗುವವರೆಗೂ ಅಲ್ಲೇ. ಮಂಗನ ಕಾಯಿಲೆಯ ಉಣುಗು ಹಾಗಲ್ಲ. ಮೂರು ಮನೆ ಬದಲಿಸುತ್ತದೆ. ಮರಿಯಾಗಿದ್ದಾಗ ಇಲಿ, ಅಳಿಲು, ಹಕ್ಕಿ, ಆಮೇಲೆ ಮಂಗ ಅಥವಾ ದಾರಿಯಲ್ಲಿ ಸಿಕ್ಕ ಮನುಷ್ಯ, ದೊಡ್ಡದಾದ ಮೇಲೆ ದನ, ಜಿಂಕೆಯಂಥ ದೊಡ್ಡ ಪ್ರಾಣಿ. ಪ್ರತಿ ಸಲವೂ ರಕ್ತ ಕುಡಿದು ಕೆಳಗೆ ಉದುರಿ, ಎಲೆ ಕೆಳಗೆ ಪೊರೆ ಬಿಟ್ಟು, ಮತ್ತೆ ಇನ್ನೊಬ್ಬರನ್ನು ಹತ್ತಲು ಕಾಯುತ್ತದೆ. ಆದ್ದರಿಂದ ದನಕ್ಕೆ ಔಷಧಿ ಹೊಡೆದು ಕೊಟ್ಟಿಗೆ ಸ್ವಚ್ಛ ಆಯ್ತು ಅಂದುಕೊಂಡರೆ ಕೆಲಸ ಅರ್ಧವೂ ಆಗಿಲ್ಲ. ಹಾಗಂತ ಔಷಧಿ ಬಿಡಬೇಡಿ, ಮೊಟ್ಟೆ ಇಡುವ ಉಣುಗು ದನದ ಮೇಲೇ ದಪ್ಪಗಾಗುವುದು.

ಹಾಲು ಕೊಡುವ ಹಸುವಿಗೆ ಮೆಡಿಕಲ್ ಶಾಪಿನಿಂದ ಐವರ್ಮೆಕ್ಟಿನ್ ತಂದು ನೀವೇ ಚುಚ್ಚಬೇಡಿ, ಹಾಲಿನಲ್ಲಿ ಬರುತ್ತದೆ. ಬೆನ್ನಿನ ಮೇಲೆ ಸುರಿಯುವ ಫ್ಲುಮೆಥ್ರಿನ್ ಔಷಧಿ ಇದೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಮತ್ತೆ ದಿನಾ ಫೋನಿನಲ್ಲಿ ಬರುವ ಪ್ರಶ್ನೆ: ಹಾಲಿನಿಂದ ಬರುತ್ತಾ? ಇಲ್ಲ. ಹಸುವಿನ ಮೈಯಲ್ಲಿ ಈ ವೈರಸ್ ಅಷ್ಟಾಗಿ ಬೆಳೆಯುವುದೇ ಇಲ್ಲ. ಹೆದರಿ ಹಸು ಮಾರಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಇನ್ನೊಂದು. ಕಚ್ಚಿದ ಉಣುಗಿಗೆ ಸುಣ್ಣ, ಸೀಮೆಎಣ್ಣೆ, ಬೀಡಿ ತುದಿ ಯಾವುದೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ.

ಗುಡ್ಡದಮನೆ

ಸರಿ, ಮಂಗ ಸಾಗಿಸುವ ಮಾತು ವಾಪಸ್ ತಗೊಂಡೆ. ಆದರೆ ಹುಲ್ಲು ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಗದ್ದೆ ಇಲ್ಲದವರು, ಅಡಿಕೆ ಮಾತ್ರ ಇರುವವರು ಏನು ಮಾಡಬೇಕು? ದರಕಿಗೆ ದುಡ್ಡು ಕೊಡಬೇಕಾಗಿಲ್ಲ, ಹುಲ್ಲಿಗೆ ಕೊಡಬೇಕು. ಸಂಶೋಧನೆ ಮಾಡುವವರು ಇದಕ್ಕೂ ಒಂದು ಉತ್ತರ ಹುಡುಕಲಿ.

ಬಿಳಿಬಟ್ಟೆ

@ಗುಡ್ಡದಮನೆ ಈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಹೋಗಬೇಡಿ ಎಂದು ಬೋರ್ಡು ಹಾಕುವುದಕ್ಕೆ ಖರ್ಚಿಲ್ಲ, ಹುಲ್ಲು ಕೊಡಿಸುವುದಕ್ಕೆ ಖರ್ಚಿದೆ. ಹೋಗಲೇಬೇಕಾದವರು ಎಣ್ಣೆ ಹಚ್ಚಿಕೊಳ್ಳಿ. ಈಗ ಕೊಡುತ್ತಿರುವುದು ಡೆಪಾ, ಉಣುಗು ಹತ್ತಿರ ಬಾರದಂತೆ ತಡೆಯುವ ಎಣ್ಣೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಮಾಡಿದ್ದು. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ತುಂಬು ತೋಳಿನ ಅಂಗಿ ಹಾಕಿ. ಹೆಡಿಗೆ ತಲೆ ಮೇಲೆ ಹೊರುವವರು ಕುತ್ತಿಗೆಗೆ, ಕಿವಿ ಹಿಂದೆಯೂ ಹಚ್ಚಿ. ಎಲ್ಲರೂ ಕಾಲಿಗೆ ಮಾತ್ರ ಹಚ್ಚುತ್ತಾರೆ, ಉಣುಗು ಹೆಡಿಗೆಯಿಂದ ಇಳಿದು ಬರುತ್ತದೆ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈ ಸೋಪಿನ ಸ್ನಾನಕ್ಕೆ.

ಹೊಳೆಯಾಚೆ ಅವರೇ, ಮುಖ್ಯವಾದದ್ದು ಒಂದು ಉಳಿಯಿತು. ನಿಮ್ಮ ತಂದೆ ಮಂಗ ಸತ್ತ ಮೇಲೆ ಬೆಟ್ಟಕ್ಕೆ ಹೋಗಿದ್ದಾರೆ. ಕಚ್ಚಿದ ಮೇಲೆ ಜ್ವರ ಬರಲು ಮೂರರಿಂದ ಎಂಟು ದಿನ. ಅಷ್ಟು ದಿನ ಕಣ್ಣಿಟ್ಟಿರಿ. ಜ್ವರ ಬಂದರೆ ಅದೇ ದಿನ ಪಿಎಚ್‌ಸಿಗೆ ಹೋಗಿ "ಬೆಟ್ಟಕ್ಕೆ ಹೋಗಿದ್ದೆ, ಮಂಗ ಸತ್ತಿತ್ತು" ಎಂದು ಬಾಯಿಬಿಟ್ಟು ಹೇಳಬೇಕು. ಮೊದಲ ದಿನಗಳಲ್ಲಿ ಆರ್‌ಟಿಪಿಸಿಆರ್‌ನಲ್ಲಿ ಗೊತ್ತಾಗುತ್ತದೆ, ತಡವಾದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಬ್ರೂಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತ ಸೋರುವ ಕಾಯಿಲೆ ಇದು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ, ಉಳಿದವರು ಬದುಕುವುದು ಸಮಯಕ್ಕೆ ಸರಿಯಾಗಿ ನೋಡಿಕೊಂಡರೆ. ಅಮ್ಮನಿಗೆ ಅಪ್ಪನಿಂದ ಅಂಟುತ್ತದೆ ಎನ್ನುವ ಹೆದರಿಕೆ ಬೇಡ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

ಹೊಳೆಯಾಚೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಸ್ಪೀಕರ್ ಹಾಕಿ ಕಾನುತೋಟ ಅವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಜ್ವರದ ಕಥೆಗೆ ಏನೂ ಅನ್ನಲಿಲ್ಲ. "ಅಡಿಕೆ ಯಾರು ಸುಲಿದರು ನೆನಪಿಲ್ಲ" ಅನ್ನುವಲ್ಲಿಗೆ ಬಂದಾಗ, "ಏನು, ಇಡೀ ವರ್ಷದ್ದಾ?" ಅಂತ ಎರಡು ಸಲ ಕೇಳಿದರು. ಎಣ್ಣೆ ಬಾಟಲಿ ದೇವರ ಗೂಡಿನಿಂದ ಇಳಿದಿದೆ. ಅಮ್ಮ ಆಗಲೇ ಹಚ್ಚಿಕೊಂಡು, ವಾಸನೆಗೆ ಊಟ ಸೇರುವುದಿಲ್ಲ ಅಂತ ದೂರು ಹೇಳುತ್ತಿದ್ದಾರೆ.

ಇವತ್ತಿಗೆ ಅಪ್ಪ ಬೆಟ್ಟಕ್ಕೆ ಹೋಗಿ ಐದು ದಿನ. ಜ್ವರ ಇಲ್ಲ, ದಿನಾ ಎರಡು ಸಲ ಫೋನ್ ಮಾಡಿ ಕೇಳುತ್ತಿದ್ದೇನೆ. ಶನಿವಾರ ಊರಿಗೆ ಹೋಗುತ್ತೇನೆ. ಹುಲ್ಲಿಗೆ ಒಪ್ಪಿದ್ದಾರೆ, ಆದರೆ ದುಡ್ಡು ನಾನೇ ಕೊಡಬೇಕಂತೆ. @ಕಾನುತೋಟ, ನಾಲ್ಕು ದನದ ಕೊಟ್ಟಿಗೆಗೆ ಮೇ ಕೊನೆವರೆಗೆ ಎಷ್ಟು ಹುಲ್ಲು ಬೇಕಾಗಬಹುದು? ಒಂದು ಪಿಕಪ್ ಸಾಕಾ?

ಕಾನುತೋಟ

ಹಾಸುವುದಕ್ಕೆ ಮಾತ್ರ ಆದರೆ ಸಿಪ್ಪೆ ಜೊತೆ ಸೇರಿಸಿದರೆ ಸಾಕಾಗಬಹುದು. ಆದರೆ ದನ ಹಾಸಿದ ಹುಲ್ಲನ್ನು ತಿನ್ನದೆ ಬಿಡುತ್ತದಾ? ಅದಕ್ಕೇ ಕೆಳಗೆ ಹುಲ್ಲು, ಮೇಲೆ ಸಿಪ್ಪೆ. ಸಿಪ್ಪೆ ನಿಮ್ಮ ಮನೆಯಲ್ಲೇ ರಾಶಿ ಬಿದ್ದಿರಬೇಕಲ್ಲ, ಅಪ್ಪನಿಗೆ ಸುಡಬೇಡಿ ಅಂತ ಇವತ್ತೇ ಫೋನ್ ಮಾಡಿ ಹೇಳಿ.